ಅಂಚಿನ ಕಲ್ಲು, ನಡುವಿನ ಕಲ್ಲು

ಹತ್ತೊಂಬತ್ತುನೂರ ಇಪ್ಪತ್ತರ ದಶಕದಲ್ಲಿ ಎರಡು ವರ್ಷ ನಾನು ಒಬ್ಬ ಭೂಗರ್ಭಶಾಸ್ತ್ರಜ್ಞನ ಕೈಕೆಳಗೆ ಕಲ್ಲು ಅರೆದೆ. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ ಬೆಳಗಾವಿಯ ನಮ್ಮ ಮನೆಗೆ ಆಗಷ್ಟೇ ಮರಳಿದ್ದೆ. ಆತ ವಿಲಾಯತಿಗೆ ಹೋಗಿಬಂದ ಧಾರವಾಡದ ಕಡೆಯವನು. ಎಲ್ಲರೂ ಸಾಹೇಬರು ಎನ್ನುತ್ತಿದ್ದರು, ಎದುರಿಗೆ ನಾನೂ ಎನ್ನುತ್ತಿದ್ದೆ. ಇಲ್ಲಿ ಬರೆಯುವಾಗ ಆ ಬಹುವಚನ ಕೈಗೆ ಬರುವುದಿಲ್ಲ.

ಖಾನಾಪುರದ ಆಚೆ ಕಾಡಿನಲ್ಲಿ ಹರಡಿದ್ದ ಗ್ರಾನೈಟ್ ಆತನ ವಿಷಯ. ನೆಲದ ಆಳದಲ್ಲಿ ಕರಗಿದ ಕಲ್ಲು ಮೇಲೇರಿ, ಹೊರಗೆ ಬಾರದೆ ಒಳಗೇ ಆರಿ, ಹರದಾರಿಗಟ್ಟಲೆ ಹಬ್ಬಿ ಗಟ್ಟಿಯಾದರೆ ಅದನ್ನು ಬ್ಯಾಥೊಲಿತ್ ಎನ್ನುತ್ತಾರೆ. ಅಚ್ಚಿಗೆ ಸುರಿದ ಕಬ್ಬಿಣದ ಹಾಗೆ ಅದು ಒಂದೇ ಏಟಿಗೆ ಗಟ್ಟಿಯಾಯಿತು, ಎಲ್ಲಿ ಒಡೆದರೂ ಅದೇ ಕಲ್ಲು ಎಂಬುದು ಆತನ ಸಿದ್ಧಾಂತ. ಅದಕ್ಕೊಂದು ಅನುಕೂಲವಿತ್ತು. ಚಕ್ಕಡಿ ಹೋಗುವಷ್ಟು ದೂರದ ಕಲ್ಲು ನೋಡಿದರೆ ಸಾಕು. ಬೂಟಿಗೆ ಕೆಸರು ಹತ್ತೀತೆಂದು ಆತ ಚಕ್ಕಡಿಯಿಂದ ಇಳಿಯುತ್ತಿದ್ದುದೂ ಅಪರೂಪ.

ಮಾದರಿ ತರಲು ನನ್ನನ್ನು ಕಳಿಸುತ್ತಿದ್ದ. ಅಲ್ಲಿ ಬೀಸುವ ಕಲ್ಲು ಕಡೆಯುತ್ತಿದ್ದ ಮುದುಕ ಕಲ್ಲುಕುಟಿಗನೊಬ್ಬ ನನ್ನನ್ನು ಹಳ್ಳದ ಗುಂಟ ಆ ಗ್ರಾನೈಟಿನ ಅಂಚಿನಿಂದ ನಡುವಿನವರೆಗೆ ನಡೆಸಿಕೊಂಡು ಹೋದ.

"ಈ ಬಾಜೂದ ಕಲ್ಲು ಕರೀದರಿ, ಉಳಿಗಿ ಲಗೂನ ಬಗ್ಗೂದಿಲ್ಲ. ಒಳಗ ಹೋದಂಗ ಬೆಳ್ಳಗ ಆಕ್ಕೋತ ಹೊಕ್ಕೈತಿ. ಎರಡೂ ಒಂದ ಅಂದಾವ ಕಲ್ಲ ಮುಟ್ಟಿಲ್ಲ ಬಿಡ್ರಿ," ಎಂದ.

ನಾನು ಹೆಜ್ಜೆ ಎಣಿಸುತ್ತ ಹೋಗಿ ಏಳು ತುಂಡು ಒಡೆದು ತಂದೆ.

ನಮ್ಮ ಪ್ರಯೋಗಶಾಲೆ ಎಂದರೆ ಬೆಳಗಾವಿ ಕೋಟೆಯ ಕಂದಕದ ಎದುರಿಗಿದ್ದ ಹಳೆಯ ಕುದುರೆ ಲಾಯ. ಕಲ್ಲನ್ನು ಹಿಟ್ಟು ಮಾಡಿ, ಸೋಡಾ ಬೆರೆಸಿ ಪ್ಲಾಟಿನಂ ಮೂಸೆಯಲ್ಲಿ ಕರಗಿಸಿ, ಆಮ್ಲದಲ್ಲಿ ಬಿಡಿಸಿ, ಒಣಗಿಸಿ, ಸೋಸಿ, ಸುಟ್ಟು ತೂಗಬೇಕು. ಕಲ್ಲಿನೊಳಗಿನ ಸೋಡಾ, ಪೊಟ್ಯಾಷ್‌ಗಳನ್ನು ಬೇರೆ ಹಿಟ್ಟಿನಿಂದ ಬೇರೆಯಾಗಿಯೇ ತೆಗೆದು ತೂಗಬೇಕು. ಒಂದೊಂದು ತುಂಡಿಗೆ ವಾರಕ್ಕಿಂತ ಹೆಚ್ಚು ಹಿಡಿಯುತ್ತಿತ್ತು. ಏಳೂ ಮುಗಿದಾಗ ಮುದುಕ ಹೇಳಿದ್ದೇ ತಕ್ಕಡಿಯಲ್ಲೂ ಬಂತು. ಅಂಚಿನಲ್ಲಿ ಕಬ್ಬಿಣ, ಸುಣ್ಣ, ಮೆಗ್ನೀಷಿಯಂ ಹೆಚ್ಚು. ಒಳಗೆ ಹೋದಂತೆ ಅವು ಇಳಿದು ಸಿಲಿಕಾ, ಪೊಟ್ಯಾಷ್ ಏರುತ್ತಿದ್ದವು. ಮೊದಲು ಆರಿದ ಅಂಚಿನಲ್ಲಿ ಕಪ್ಪು ಹರಳುಗಳು ಕಟ್ಟಿ, ತಮಗೆ ಬೇಕಾದ ಕಬ್ಬಿಣ, ಸುಣ್ಣಗಳನ್ನು ಎಳೆದುಕೊಂಡಿದ್ದವು. ಉಳಿದ ರಸ ಬದಲಾಗುತ್ತ ಬದಲಾಗುತ್ತ ನಡುವಿನಲ್ಲಿ ಬೆಳ್ಳಗಿನ ಕಲ್ಲಾಗಿತ್ತು. ಆ ಏಳು ಸಾಲುಗಳನ್ನು ನೋಡುತ್ತ ಕುಳಿತ ದಿನ ನನಗೆ ಊಟದ ನೆನಪೂ ಆಗಲಿಲ್ಲ.

ಸಾಹೇಬ ಹಾಳೆಯ ಮೇಲೆ ಕಣ್ಣಾಡಿಸಿ, ಮೂಸೆ ಹೊಲಸಾಗಿತ್ತು ಎಂದ. ಮೂರು ತುಂಡುಗಳನ್ನು ಮೊದಲಿನಿಂದ ಮತ್ತೆ ಮಾಡಿದೆ. ಅಂಕಿಗಳು ಅವೇ ಬಂದವು.

"ನಡುವಿನವು ಇಟಗೊಂಡು ಉಳದದ್ದು ಒಗದ ಬಿಡು. ಕಲ್ಲಿನ ವಿಚಾರ ಮಾಡಾಕ ನಾ ಅದೀನಿ. ನೀ ತೂಗು, ಸಾಕು," ಎಂದ ಸಾಹೇಬ.

ನಾನು ಒಗೆಯಲಿಲ್ಲ. ಏಳರ ಅಂಕಿಗಳನ್ನೂ ನೋಟುಬುಕ್ಕಿಗೆ ಇಳಿಸಿ ಕಿಸೆಯಲ್ಲಿಟ್ಟುಕೊಂಡೆ.

ಮಳೆಗಾಲ ಮುಗಿದ ಮೇಲೆ ಮುಂಬಯಿಯಿಂದ ಒಬ್ಬ ಹಿರಿಯ ಇಂಗ್ಲಿಷ್ ಭೂಗರ್ಭಶಾಸ್ತ್ರಜ್ಞ ಈ ಕೆಲಸ ನೋಡಲು ಬಂದ. ಮೂವರೂ ರೈಲಿನಲ್ಲಿ ಖಾನಾಪುರಕ್ಕೆ ಹೋಗಿ, ಅಲ್ಲಿಂದ ಚಕ್ಕಡಿ ಹಿಡಿದೆವು. ಅತಿಥಿ ಇಳಿದವನೇ ಹಳ್ಳಕ್ಕೆ ನುಗ್ಗಿದ. ನಮ್ಮವನು ಬೆಕ್ಕಿನ ಹಾಗೆ ಕಾಲೆತ್ತಿ ಇಡುತ್ತ ಹಿಂದೆ ಬಂದ. ಕಲ್ಲುಕುಟಿಗನನ್ನು ಕಂಡ ಅತಿಥಿ, ಇಲ್ಲಿಯ ಕಲ್ಲೆಲ್ಲ ಒಂದೇ ಬಗೆಯದೋ ಎಂದು ಸಾಹೇಬನ ಬಾಯಿಂದ ಕೇಳಿಸಿದ. ಮುದುಕ ನನಗೆ ಹೇಳಿದ್ದನ್ನೇ ಅವನಿಗೂ ಹೇಳಿದ. ಸಾಹೇಬ ಅದನ್ನು ಇಂಗ್ಲಿಷಿಗೆ ತಿರುಗಿಸಿದ: ಎಲ್ಲ ಒಂದೇ ಅನ್ನುತ್ತಾನೆ.

ಅಷ್ಟು ಸಲೀಸಾಗಿ ಸುಳ್ಳು ಹೇಳುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಅವನು ಹಾಗೆ ಹೇಳಲಿಲ್ಲ ಎಂದು ಇಂಗ್ಲಿಷಿನಲ್ಲೇ ಅಂದುಬಿಟ್ಟೆ. ಕಿಸೆಯಿಂದ ನೋಟುಬುಕ್ಕು ತೆಗೆದು ಏಳು ತುಂಡುಗಳ ಅಂಕಿ ತೋರಿಸಿದೆ. ಅತಿಥಿ ಬಂಡೆಯ ಮೇಲೆ ಕುಳಿತು ಅವನ್ನು ಎರಡು ಸಲ ಓದಿದ. ಆಮೇಲೆ ಎದ್ದು, ಬಹಳ ಮುಖ್ಯವಾದ ಕೆಲಸ ಎಂದು ಸಾಹೇಬನ ಕೈ ಕುಲುಕಿದ.

ಸಾಹೇಬ ಕಣ್ಣು ಸಹ ಮಿಟುಕಿಸಲಿಲ್ಲ. ತನಗೆ ಮೊದಲಿನಿಂದಲೂ ಇದೇ ಅನುಮಾನವಿತ್ತೆಂದೂ, ಖಾತ್ರಿಯಾಗಲೆಂದೇ ಮೂರು ತುಂಡು ಎರಡೆರಡು ಸಲ ಮಾಡಿಸಿದೆನೆಂದೂ ಹೇಳಿದ. ಮರಳುವ ರೈಲಿನಲ್ಲಿ ಎದುರು ಕುಳಿತು ಕೈ ಚಾಚಿದ.

"ಆ ನೋಟುಬುಕ್ಕ ಇಲ್ಲೆ ಕೊಡು."

ಕೊಟ್ಟೆ. ದೇವರಿಗೆ ಕಾಣಿಕೆ ಒಪ್ಪಿಸುವವನಂತೆ ಎರಡೂ ಕೈಯಿಂದ ಕೊಟ್ಟೆ. ಆತನನ್ನು ಹೀಗಳೆಯುವಾಗ ನನ್ನ ಆ ಕೈಗಳನ್ನೂ ಬಿಡಲಾರೆ.

ಮರುವರ್ಷ ಸಾಹೇಬನ ಲೇಖನ ಒಂದು ಪತ್ರಿಕೆಯಲ್ಲಿ ಅಚ್ಚಾಗಿ ಬಂತು. ಅಷ್ಟರಲ್ಲಿ ನಾನು ಆ ಕೆಲಸ ಬಿಟ್ಟು ಬೆಳಗಾವಿಯ ಸಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಬ್ಯಾಥೊಲಿತ್ ಅಂಚಿನಿಂದ ನಡುವಿಗೆ ಹೇಗೆ ಬದಲಾಗುತ್ತ ಹೋಯಿತೆಂದು ಆತ ಪುಟಗಟ್ಟಲೆ ವಿವರಿಸಿದ್ದ. ಮುದುಕನ ಸುದ್ದಿಯಿಲ್ಲ, ನನ್ನದೂ ಇಲ್ಲ. ಕೋಷ್ಟಕಕ್ಕೆ ಬಂದಾಗ ನಗು ಬಂತು. ಸೋಡಾ ಇರಬೇಕಾದಲ್ಲಿ ಪೊಟ್ಯಾಷ್, ಪೊಟ್ಯಾಷ್ ಇರಬೇಕಾದಲ್ಲಿ ಸೋಡಾ. ನನ್ನ ಅಕ್ಷರ ನೋಡಿ ನಕಲು ಮಾಡುವುದೂ ಆತನಿಂದ ಆಗಿರಲಿಲ್ಲ. ತಪ್ಪು ತಿದ್ದಿ ಪತ್ರಿಕೆಗೆ ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ. ಬೇರೆ ಯಾರೂ ಬರೆದಂತೆ ಕಾಣಲಿಲ್ಲ. ಆ ಲೇಖನದ ಬಲದ ಮೇಲೆ ಆತನಿಗೆ ಮುಂಬಯಿಯಲ್ಲಿ ದೊಡ್ಡ ಹುದ್ದೆ ಸಿಕ್ಕಿತು.