ನಾನಽ ಹೊಡದೇನ್ರಿ

ಮೊನ್ನೆ ನನ್ನ ಮಗಳ ಮಗಳು ಯಾವುದೋ ದೇಶ ಸುತ್ತಿ ಬಂದಳು. ಅಲ್ಲಿ ಬಾಡಿಗೆ ಕಾರು ಹಿಡಿದು ತಾನೇ ಓಡಿಸಿದ್ದಾಳೆ. ರಸ್ತೆಯ ಕಂಬದ ಮೇಲಿನ ಕ್ಯಾಮೆರಾ ಇವಳ ಫೋಟೋ ತೆಗೆದು, ಇವಳು ಮನೆ ಮುಟ್ಟುವುದರೊಳಗೆ ದಂಡದ ಚೀಟಿ ಕಳಿಸಿದೆ.

"ಅಜ್ಜೀ, ಅವರ ಭಾಷಾದಾಗ ಏನ್ ಬರದಾರ ತಿಳಿವಲ್ದು. ನಾ ಏನ್ ತಪ್ಪು ಮಾಡೇನಿ ಅದೂ ತಿಳಿವಲ್ದು" ಎಂದು ಗೊಣಗಿದಳು.

"ನಾನೂ ಹಿಂಗಽ ಒಮ್ಮೆ ಪರದೇಶದಾಗ ಗಾಡಿ ಹೊಡದು, ಕ್ಯಾಮೆರಾದಾಗ ಸಿಕ್ಕೊಂಡಿದ್ದೆ" ಎಂದೆ.

"ನೀ? ಯಾವ ದೇಶದಾಗ?"

"ನಮ್ಮೂರ ದುರ್ಗದಬೈಲಿನಾಗ."

ಅಜ್ಜಿಗೆ ಅರಳುಮರಳು ಶುರುವಾಯಿತೆಂದು ನನ್ನ ಮುಖ ನೋಡಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ.

ಆಗ ಏಕೀಕರಣವಾಗಿ ಕೆಲವು ವರ್ಷ ಕಳೆದಿದ್ದವು. ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿದ್ದೆವು. ಕನ್ನಡಿಗರೆಲ್ಲ ಒಂದಾದೆವೆಂದು ಓಣಿಯಲ್ಲಿ ಸಕ್ಕರೆ ಹಂಚಿದವರು ನಾವು. ಆಮೇಲೆ ಮೈಸೂರು ಕಡೆಯ ಅಧಿಕಾರಿಗಳು ಒಬ್ಬೊಬ್ಬರಾಗಿ ಈ ಕಡೆ ಬಂದರು ನೋಡಿ, ಆಗ ತಿಳಿಯಿತು. ನಾವು ಆದರದಿಂದ ಮಾತಾಡಿದರೂ ಅವರಿಗೆ ಜಗಳಕ್ಕೆ ನಿಂತಂತೆ ಕೇಳುತ್ತಿತ್ತು. ಅವರು ಗದರಿಸಿದರೂ ನಮಗೆ ಹಾಡು ಹೇಳಿದಂತೆ ಕೇಳುತ್ತಿತ್ತು.

ಹಾಗೆ ಬಂದವರಲ್ಲಿ ನಮ್ಮೂರಿನ ಪೊಲೀಸ್ ಠಾಣೆಯ ಹೊಸ ಫೌಜದಾರರೂ ಒಬ್ಬರು. ಕೊರಳಲ್ಲಿ ಸ್ವಂತದ್ದೊಂದು ಕ್ಯಾಮೆರಾ. ಪೇಟೆಯಲ್ಲಿ ಯಾರಾದರೂ ಗಾಡಿಯನ್ನು ಅಡ್ಡ ನಿಲ್ಲಿಸಲಿ, ಒಂದು ಸೈಕಲ್ಲಿನ ಮೇಲೆ ಇಬ್ಬರು ಕೂರಲಿ, ಜಗಳವಿಲ್ಲ, ಮಾತಿಲ್ಲ, ಸುಮ್ಮನೆ ಒಂದು ಫೋಟೋ. ಕೆಲವು ದಿನ ಬಿಟ್ಟು ಮನೆಗೊಬ್ಬ ಪೊಲೀಸ. ಠಾಣೆಗೆ ಹೋದರೆ ಮೇಜಿನ ಮೇಲೆ ನಿಮ್ಮದೇ ಮುಖ. ತೆಪ್ಪಗೆ ದಂಡ ಕಟ್ಟಿ ಬರಬೇಕು. ಊರಿನವರು ಇದಕ್ಕೆ ಫೋಟೋದಂಡ ಎಂದು ಹೆಸರಿಟ್ಟರು. ಮೊದಮೊದಲು ಅದೊಂದು ತಮಾಷೆ. ಅವರ ಟೊಪ್ಪಿಗೆ ಕಂಡೊಡನೆ ತಲೆ ಬಾಚಿಕೊಳ್ಳುವವರಿದ್ದರು. ಒಬ್ಬ ಕಿರಾಣಿ ಅಂಗಡಿಯವನಂತೂ ದಂಡ ಕಟ್ಟಿದ ಮೇಲೆ, "ಸಾಹೇಬ್ರ, ಇದರದೊಂದು ಕಾಪಿ ಕೊಡ್ರಿ. ನಮ್ಮ ತಮ್ಮ ಛಂದ ಬಂದಾನ, ಕನ್ಯಾದವರಿಗೆ ಕಳಸ್ತೇವಿ" ಎಂದು ಕೇಳಿದನಂತೆ.

ನನ್ನ ಮಾವನವರು ದೇಶಪಾಂಡೆ ನಗರದಲ್ಲಿ ಡಾಕ್ಟರು. ಅವರದೊಂದು ಹಳೆಯ ಕರಿಯ ವಿಲಾಯತಿ ಕಾರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರ ಬಲಗೈಗೆ ನಡುಕ ಹತ್ತಿ, ಸ್ಟೇರಿಂಗ್ ಹಿಡಿಯಲಾಗುತ್ತಿರಲಿಲ್ಲ. ನಮ್ಮ ಮನೆಯವರಿಗೆ ಲೈಸೆನ್ಸ್ ಇತ್ತು, ಧೈರ್ಯವಿರಲಿಲ್ಲ. ಎದುರಿಗೊಂದು ಎಮ್ಮೆ ಬಂದರೆ ಗಾಡಿಯನ್ನು ಅಲ್ಲೇ ಬಿಟ್ಟು ಇಳಿಯುವ ಪೈಕಿ ಅವರು. ಒಂದು ದಿನ ಮಾವನವರು ನನ್ನನ್ನು ಕರೆದು, "ಏನವಾ, ನೀ ಗಾಡಿ ಹೊಡಿಯೋದು ಕಲೀತೀಯೇನು?" ಎಂದರು. ಬೆಂಗೇರಿಯ ಕಡೆಯ ಬಯಲಿನಲ್ಲಿ ಪಕ್ಕಕ್ಕೆ ಕೂತು ತಾವೇ ಕಲಿಸಿದರು. ಲೈಸೆನ್ಸ್ ಬಂತು. ಅಂದಿನಿಂದ ಬೆಳಿಗ್ಗೆ, ಸಂಜೆ ಅವರನ್ನು ರೋಗಿಗಳ ಮನೆಗೆ ಕರೆದೊಯ್ಯುವವಳು ನಾನೇ. ಕಾಲೇಜು ಕಲಿತು ಬಂದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳಿಗೆ ಅದೆಂಥ ಸಂತೋಷವೆಂದು ಹೇಳಲಾರೆ. ಆ ಸೀಟಿನಲ್ಲಿ ಕೂತಷ್ಟು ಹೊತ್ತು ನಾನು ನಾನಾಗಿರುತ್ತಿದ್ದೆ.

ಅತ್ತೆಯವರಿಗೆ ಇದು ಸುತಾರಾಂ ಸೇರಲಿಲ್ಲ. ಆ ಗಾಡಿಯಲ್ಲಿ ಒಮ್ಮೆಯೂ ಕೂರಲಿಲ್ಲ. ಎಲ್ಲಿಗೆ ಹೋದರೂ ಟಾಂಗಾ. ಮೊದಲ ದಿನವೇ ನನ್ನನ್ನು ನಿಲ್ಲಿಸಿ ಒಂದು ಮಾತು ಹೇಳಿದ್ದರು. "ನಿಮ್ಮ ಮಾವನವರ ಹಟ, ನಾ ಏನೂ ಅನ್ನಂಗಿಲ್ಲ. ಆದ್ರ ಇದರ ಸಲುವಾಗಿ ಒಬ್ಬ ಪೊಲೀಸ ನಮ್ಮ ಕಟ್ಟಿ ಹತ್ತಿದ ಅಂದ್ರ, ಚಾವಿ ನನ್ನ ಕೈಯಾಗ ಕೊಡಬೇಕು. ಮತ್ತ ಕೇಳಬಾರದು."

ನಾನು ಹೂಂ ಎಂದಿದ್ದೆ. ಪೊಲೀಸ ಯಾಕೆ ಬಂದಾನು ಎಂಬ ಸೊಕ್ಕು.

ಆ ಸಂಜೆ ರೋಗಿಯೊಬ್ಬರನ್ನು ನೋಡಿಕೊಂಡು ದುರ್ಗದಬೈಲಿನ ಮೇಲೆ ಹಾಯ್ದು ಬರುತ್ತಿದ್ದೆವು. ಸಂತೆಯಂಥ ಗದ್ದಲ. ಗಾಡಿ ಇರುವೆಯಂತೆ ಹರಿಯುತ್ತಿತ್ತು. ಮುಂದೊಬ್ಬ ಮುದುಕ ತಲೆಯ ಮೇಲೆ ಪೇರಲಹಣ್ಣಿನ ಬುಟ್ಟಿ ಹೊತ್ತು ನಡೆದಿದ್ದ. ನೋಡನೋಡುತ್ತ ಅವನ ಕಾಲು ತೊಡರಿದವು, ಮೈ ಓಲಾಡಿತು. ಬುಟ್ಟಿ ಮೊದಲು ಬಿತ್ತು, ಹಿಂದೆಯೇ ಅವನು. ಬ್ರೇಕ್ ಒತ್ತಿ ಸ್ಟೇರಿಂಗ್ ತಿರುವಿದೆ. ಗಾಡಿ ರಸ್ತೆಗೆ ಅಡ್ಡವಾಗಿ ನಿಂತುಬಿಟ್ಟಿತು. ಅವನಿಗೂ ಗಾಡಿಗೂ ನಡುವೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಾಗವಿತ್ತು. ಆದರೆ ಅವನ ತಲೆ ಕಲ್ಲಿಗೆ ಬಡಿದು ರಕ್ತ ಬರುತ್ತಿತ್ತು, ಎಚ್ಚರವಿರಲಿಲ್ಲ.

ಮಾವನವರು ಬಾಗಿಲು ತೆರೆದು ಇಳಿಯುವ ಮೊದಲೇ, ಎದುರಿನ ಅಂಗಡಿಯ ಮೆಟ್ಟಿಲ ಮೇಲಿಂದ ಫೌಜದಾರರ ಕ್ಯಾಮೆರಾ ನಮ್ಮ ಕಡೆ ಕಣ್ಣು ಹೊಡೆದಿತ್ತಂತೆ. ನಾನದನ್ನು ನೋಡಲಿಲ್ಲ. ಮಾವನವರು ಗಾಯಕ್ಕೆ ಬಟ್ಟೆ ಕಟ್ಟಿ, ಆ ಗದ್ದಲದಲ್ಲಿ ಗಾಡಿ ತಿರುಗದೆಂದು ಮುದುಕನನ್ನು ಟಾಂಗಾದಲ್ಲಿ ಮಲಗಿಸಿಕೊಂಡು ದವಾಖಾನೆಗೆ ಹೊರಟರು. ಟಾಂಗಾ ಅತ್ತ ಹೋದ ಮೇಲೆ ಫೌಜದಾರರು ಜನರನ್ನು ಸರಿಸುತ್ತ ಇತ್ತ ಬಂದರು.

"ಯಾರ್ರೀ ಹೊಡೆದಿದ್ದು?" ಎಂದರು.

ನನ್ನನ್ನು ಗಾಡಿಯ ಹತ್ತಿರ ಕಂಡವರೆಲ್ಲ ಕೇಳುತ್ತಿದ್ದ ಪ್ರಶ್ನೆಯೇ ಅದು. ಯಾರು ಹೊಡೆಯುತ್ತಾರೆ, ನಿಮ್ಮವರೋ, ಮಾವನವರೋ? ಕೇಳಿಸಿಕೊಂಡು ಕೇಳಿಸಿಕೊಂಡು ರೋಸಿಹೋಗಿದ್ದೆ. ಸೆರಗು ಬಿಗಿದು, ಕತ್ತೆತ್ತಿ ಹೇಳಿದೆ. "ನಾನಽ ಹೊಡದೇನ್ರಿ."

"ನೀವೇನಾ?"

"ಹೌದ್ರಿ. ಮತ್ಯಾರು? ನಾನಽ."

ಸುತ್ತ ನಿಂತ ಜನಕ್ಕೆ ನನ್ನ ಮೇಲೆ ಅಭಿಮಾನ ಉಕ್ಕಿತು. "ಹೌದ್ರಿ ಸಾಹೇಬ್ರ, ಅಕ್ಕಾರಽ ಹೊಡದಾರ, ನಾವೆಲ್ಲಾ ನೋಡೇವಿ" ಎಂದ ಒಬ್ಬ. "ಭಾಳ ಛಲೋ ಹೊಡೀತಾರ್ರಿ" ಎಂದ ಇನ್ನೊಬ್ಬ. ಫೌಜದಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಬರೆದುಕೊಂಡರು. ಅವರು ಬರೆದುಕೊಳ್ಳುವುದನ್ನು ನೋಡಿ ನನಗೆ ಖುಷಿಯಾಯಿತು. ಅಷ್ಟು ಹುಚ್ಚಿ ನಾನು.

ಒಂದೆರಡು ದಿನದಲ್ಲಿ ಪೊಲೀಸ ನಮ್ಮ ಕಟ್ಟೆ ಹತ್ತಿದ. ಮರುದಿನ ಠಾಣೆಗೆ ಬರಬೇಕೆಂದು ಹೇಳಿಹೋದ. ಅವನ ಬೆನ್ನು ಮರೆಯಾಗುವುದಕ್ಕೂ ಕಾಯದೆ ಅತ್ತೆಯವರು ಕೈ ಚಾಚಿದರು. ನಾನು ಚಾವಿ ಕೊಟ್ಟೆ. ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು. ಅಡ್ಡ ನಿಲ್ಲಿಸಿದ್ದಕ್ಕೆ ಫೋಟೋದಂಡವಿರಬೇಕು, ಕಟ್ಟಿದರಾಯಿತು, ಅತ್ತೆಯವರೂ ಕರಗಿಯಾರು ಎಂದು ಲೆಕ್ಕ ಹಾಕಿದೆ.

ವಿಚಾರಿಸಲು ಹೋದ ನಮ್ಮ ಮನೆಯವರು ಮುಖ ಬಿಳಿಚಿಕೊಂಡು ಬಂದರು. "ದಂಡ ಅಲ್ಲ, ಕೇಸು. ನಮ್ಮ ಗಾಡಿ ಮುದುಕಗ ಬಡದೈತಿ ಅಂತ. ಅವಗ ಇನ್ನೂ ಎಚ್ಚರ ಬಂದಿಲ್ಲ. ಏನರ ಹೆಚ್ಚು ಕಡಿಮಿ ಆತಂದ್ರ ಜೇಲು."

"ಬಡದಿಲ್ಲ! ಅವ ತಾನಽ ಬಿದ್ದಾನ" ಎಂದು ಕೂಗಿದೆ.

"ಅದನ್ನ ಅಪ್ಪಾ ಹೇಳಿ ಬಂದಾರ. ಸೊಸಿ ಕಡೆ ಮಾವ ಮಾತಾಡ್ತಾನ ಅಂದ್ರಂತ. ಅವರ ಕಡೆ ಫೋಟೋ ಐತಿ, ನಮಗ ತೋರಸಲಿಲ್ಲ. ಮ್ಯಾಲ ನಾನಽ ಹೊಡದೇನಿ ಅಂತ ನೀನಽ ಒಪ್ಪಿಕೊಂಡೀಯಂತ."

ಆ ಸಂಜೆ ನನ್ನನ್ನು ಹೊಗಳಿದ ಜನರನ್ನು ಹುಡುಕಿ ಹೋದರೆ, ಠಾಣೆ ಎಂದೊಡನೆ ಒಬ್ಬರಿಗೂ ಏನೂ ನೆನಪಿರಲಿಲ್ಲ.

ಕಡೆಗೆ ನಮ್ಮ ಮನೆಯವರೇ ಒಂದು ದಾರಿ ತೆಗೆದರು. "ನಾ ಹೊಡದಿಲ್ಲ ಅಂದ್ಬಿಡು. ನಾನಽ ಹೊಡೀತಿದ್ದೆ, ಇಕಿ ಬಾಜೂಕ ಕುಂತಿದ್ದಳು ಅಂತ ನಾ ಹೇಳ್ತೇನಿ. ಗಂಡಸರ ಮಾತು ಬ್ಯಾರೆ, ಹೆಂಗರ ಬಗಿಹರಸಬಹುದು."

ಎಮ್ಮೆಗೆ ಹೆದರುವ ಮನುಷ್ಯ ನನ್ನ ಸಲುವಾಗಿ ಜೇಲಿಗೆ ಹೋಗಲು ತಯಾರಾಗಿದ್ದರು. ನನಗೆ ಅಳು ಬಂತು. ಒಳಗಿನಿಂದ ಅತ್ತೆಯವರ ದನಿ ಕೇಳಿತು. "ಅಷ್ಟಽ ಹೇಳು. ಹೊಡದಿಲ್ಲ ಅಂತ. ಇನ್ನ ಮ್ಯಾಲಂತೂ ಹೊಡಿಯಂಗಿಲ್ಲಲ್ಲ." ಅಳು ಅಲ್ಲೇ ನಿಂತು ಸಿಟ್ಟು ಬಂತು. ಆ ರಾತ್ರಿಯೆಲ್ಲ ಸಿಟ್ಟು, ಹೆದರಿಕೆ ಎರಡೂ ನನ್ನನ್ನು ಮಲಗಗೊಡಲಿಲ್ಲ.

ಮರುದಿನ ಮಾವನವರು, ನಮ್ಮ ಮನೆಯವರು, ನಾನು ಮೂವರೂ ಠಾಣೆಗೆ ಹೋದೆವು. ಮೇಜಿನ ಮೇಲೆ ಫೋಟೋ ಇತ್ತು. ರಸ್ತೆಗೆ ಅಡ್ಡವಾಗಿ ಗಾಡಿ, ಅದರ ಮುಂದೆ ಬಿದ್ದ ಮುದುಕ, ಸುತ್ತಲೂ ಹಣ್ಣು. ನೋಡಿದವರು ಯಾರೇ ಆಗಲಿ, ನಾನೇ ಕೆಡವಿದೆನೆಂದು ಹೇಳಬೇಕು. ಗಾಜಿನ ಹಿಂದೆ ಕಣ್ಣು ಅಗಲಿಸಿ, ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದ ನಾನು. ಗಾಡಿ ಓಡಿಸುವಾಗ ಹೇಗೆ ಕಾಣುತ್ತೇನೆಂದು ಆವರೆಗೆ ನನಗೇ ಗೊತ್ತಿರಲಿಲ್ಲ.

ಫೌಜದಾರರು ಕೆಟ್ಟವರಲ್ಲ. ಮೆತ್ತಗೇ ಮಾತಾಡಿದರು. "ನೋಡೀಮ್ಮ, ಗಾಬರೀಲಿ ಏನೋ ಅಂದಿರ್ತೀರಿ. ಹೊಡೆದಿಲ್ಲ ಅಂತ ಈಗ ಹೇಳಿದ್ರೂ ಹಾಗೇ ಬರ್ಕೋತೀನಿ. ಹೇಳಿ. ಹೊಡೆದ್ರಾ, ಇಲ್ವಾ?"

ಮೇಜಿನ ಕೆಳಗೆ ನಮ್ಮ ಮನೆಯವರು ನನ್ನ ಕಾಲು ತುಳಿದರು. ಒಂದೇ ಮಾತು ಹೇಳಿದರೆ ಮುಗಿಯಿತು. ಹೇಳಬೇಕೆಂದೇ ಬಾಯಿ ತೆರೆದೆ. ಆದರೆ ಫೋಟೋದೊಳಗಿನ ಆ ಹುಡುಗಿ ನನ್ನನ್ನೇ ನೋಡುತ್ತಿದ್ದಳು. ಅವಳನ್ನು ಇಲ್ಲವೆನ್ನುವುದು ನನ್ನಿಂದ ಆಗಲಿಲ್ಲ.

"ಹೊಡದೇನ್ರಿ!" ಎಂದೆ. ದನಿ ಠಾಣೆಯ ಹೊರಗೂ ಕೇಳಿರಬೇಕು. "ಅವತ್ತ ಒಂದಽ ದಿನ ಅಲ್ಲ, ವರ್ಷಾತು, ದಿನಾ ಹೊಡ್ಯಾಕತ್ತೇನಿ!"

ಫೌಜದಾರರ ಪೆನ್ನು ನಿಂತಿತು. "ದಿನಾನಾ?"

"ಮುಂಜಾನಿ ಒಮ್ಮೆ, ಸಂಜಿಕ ಒಮ್ಮೆ."

"ಯಾರಿಗಮ್ಮಾ?"

"ಯಾರಿಗೇನ್ರಿ? ನಮ್ಮ ಮಾವನವರ ಸಲುವಾಗಿ!"

ಫೌಜದಾರರು ಮಾವನವರನ್ನು ನೋಡಿದರು. ಅವರ ನಡುಗುವ ಕೈ ನೋಡಿದರು. ಆ ಮುಖದಲ್ಲಿ ಎಂಥ ಕನಿಕರ ಮೂಡಿತೆಂದರೆ, ನನಗೆ ದಿಕ್ಕು ತೋಚಲಿಲ್ಲ. ಮಾವನವರು ಮಾತ್ರ ಹೆಮ್ಮೆಯಿಂದ, "ಖರೇ ಐತ್ರಿ ಸಾಹೇಬ್ರ. ನಾನಽ ಕಲಿಸೇನಿ. ನಮ್ಮ ಹುಡುಗಿ ಭಾಳ ಛಲೋ ಹೊಡೀತಾಳ್ರಿ" ಎಂದರು.

"ಹೊಡೆಯೋದನ್ನ ನೀವೇ ಕಲಿಸಿದ್ರಾ?"

ಆಗ ಏನೋ ಎಡವಟ್ಟಾಗಿದೆ ಅನ್ನಿಸಿತು. "ನಾ ಅವತ್ತ ಹೇಳಿದ್ದು ಏನ್ ಬರಕೊಂಡೀರಿ? ಒಂದ್ಸಲ ಓದ್ರಿ" ಎಂದೆ. ಅವರು ಓದಿದರು. ಸದರಿ ಹೆಂಗಸು ಮುದುಕನನ್ನು ತಾನೇ ಹೊಡೆದಿರುವುದಾಗಿ ಜನರ ಸಮಕ್ಷಮ ಒಪ್ಪಿರುತ್ತಾಳೆ.

ಅಷ್ಟು ಜನರ ನಡುವೆ ನನ್ನ ಮಾತು ತಿಳಿಯದೇ ಇದ್ದವರು ಒಬ್ಬರೇ, ಬರೆದುಕೊಂಡವರೂ ಅವರೇ.

"ಸಾಹೇಬ್ರ" ಎಂದೆ. ಒಂದೊಂದೇ ಶಬ್ದ ಬಿಡಿಸಿ ಹೇಳಿದೆ. "ನಾ ಹೊಡದದ್ದು ಗಾಡಿ. ಮುದುಕನ್ನ ಹೊಡದಿಲ್ಲ."

"ಗಾಡೀನ ಯಾಕಮ್ಮಾ ಹೊಡೆದ್ರಿ?"

ನಮ್ಮ ಮನೆಯವರು ನಕ್ಕುಬಿಟ್ಟರು. ಅಂಥ ಹೊತ್ತಿನಲ್ಲಿ ನಗುವುದೇ? ನನಗೆ ಮೈಯೆಲ್ಲ ಉರಿಯಿತು. "ನಮ್ಮ ಕಡೆ ಗಾಡಿ ಹೊಡೀತಾರ್ರಿ, ಸೈಕಲ್ ಹೊಡೀತಾರ, ಚಕ್ಕಡಿ ಹೊಡೀತಾರ. ಗಪ್ಪಾ ಸೈತ ಹೊಡೀತಾರ. ಯಾರಿಗೂ ಪೆಟ್ಟ ಆಗಂಗಿಲ್ಲ. ನೀವು ಓಡಸೂದು ಅಂತೀರಿ, ನಾವು ಹೊಡಿಯೂದು ಅಂತೇವಿ!" ಎಂದು ಒಂದೇ ಉಸಿರಿಗೆ ಹೇಳಿ, ಫೋಟೋವನ್ನು ಅವರ ಕಡೆ ತಿರುಗಿಸಿದೆ. "ನೀವಽ ತಗದ ಫೋಟೋ. ಗಾಡಿಗೂ ಮುದುಕಗೂ ನಡುವ ನೋಡ್ರಿ. ಎಷ್ಟ ಹಣ್ಣ ಬಿದ್ದಾವ, ಒಂದೂ ಜಜ್ಜಿಲ್ಲ. ಗಾಡಿ ಅವಗ ಬಡದು ಹಿಂದ ಸರದಿದ್ರ, ಒಂದರ ಹಣ್ಣ ಜಜ್ಜತಿತ್ತೋ ಇಲ್ಲೋ?"

ಅವರು ಫೋಟೋ ಹಿಡಿದು ಕಿಟಕಿಯ ಬೆಳಕಿಗೆ ಹೋದರು. ಬಹಳ ಹೊತ್ತು ನೋಡಿದರು. ತಿರುಗಿ ಬಂದು, ಬರೆದಿದ್ದರ ಮೇಲೆ ಅಡ್ಡಗೆರೆ ಎಳೆದರು. ಮುದುಕನಿಗೆ ಎಚ್ಚರವಾದ ಮೇಲೆ ಅವನನ್ನೂ ಕೇಳುತ್ತೇನೆ ಎಂದರು. "ಆದ್ರೂ ಪೇಟೇಲಿ ಗಾಡಿ ಅಡ್ಡ ನಿಂತಿತ್ತಲ್ಲಮ್ಮ, ಅದಕ್ಕೆ ದಂಡ ಕಟ್ಲೇಬೇಕು" ಎಂದೂ ಸೇರಿಸಿದರು. ಬಾಯ್ಮುಚ್ಚಿಕೊಂಡು ಕಟ್ಟಿದೆ. ಕಿರಾಣಿ ಅಂಗಡಿಯವನ ಹಾಗೆ ಒಂದು ಕಾಪಿ ಕೇಳುವ ಧೈರ್ಯವಾಗಲಿಲ್ಲ. ಅದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಮನೆಗೆ ಬಂದ ಮೇಲೆ ಮಾವನವರು ಅತ್ತೆಯವರಿಗೆ ಎಲ್ಲವನ್ನೂ ಹೇಳಿದರು. ಹೊಡೆದಿಲ್ಲ ಎಂದು ಬಾಯಿಬಿಟ್ಟಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಆದರೂ ಇವಳು ಅನ್ನಲಿಲ್ಲ ಎಂಬುದನ್ನು ಎರಡೆರಡು ಸಲ ಹೇಳಿದರು. ಅತ್ತೆಯವರು ಕೇಳಿಸಿಕೊಳ್ಳುತ್ತಲೇ ಕಾಯಿಪಲ್ಯ ಹೆಚ್ಚಿದರು. ಪೊಲೀಸ ಕಟ್ಟೆ ಹತ್ತಿದ್ದಂತೂ ನಿಜ. ಮತ್ತೆ ಕೇಳುವುದಿಲ್ಲವೆಂದು ಒಪ್ಪಿದವಳೂ ನಾನೇ. ಚಾವಿ ಅವರ ಸೊಂಟದಲ್ಲೇ ಉಳಿಯಿತು. ಮಾವನವರು ಟಾಂಗಾ ಹತ್ತಿ ರೋಗಿಗಳನ್ನು ನೋಡಲು ಹೋಗತೊಡಗಿದರು. ಗಾಡಿಯ ಮೇಲೆ ಧೂಳು ಕೂತಿತು. ಅದನ್ನು ಒರೆಸಲೂ ನನಗೆ ಮನಸ್ಸಾಗಲಿಲ್ಲ.

ಅಷ್ಟರಲ್ಲಿ ಮುದುಕನಿಗೆ ಎಚ್ಚರವಾಯಿತು. ಇಡೀ ದಿನದ ಬಿಸಿಲಿಗೆ ತಲೆ ತಿರುಗಿ ತಾನೇ ಬಿದ್ದೆನೆಂದು ಫೌಜದಾರರಿಗೆ ಹೇಳಿದನೆಂದು ಸುದ್ದಿ ಬಂತು. ನಾನು ಅಡುಗೆಮನೆಯ ಗೋಡೆಗೆ ಒರಗಿ ಕೂತುಬಿಟ್ಟೆ.

ಆ ಮಧ್ಯಾಹ್ನ ಅತ್ತೆಯವರು ಹೊರಗೆ ಹೋಗುವ ಸೀರೆ ಉಟ್ಟು, ಕೈಯಲ್ಲಿ ಡಬ್ಬಿ ಹಿಡಿದು ಅಂಗಳಕ್ಕೆ ಬಂದರು. "ಆ ಮುದುಕಗ ಗಂಜಿ ಒಯ್ಯಬೇಕು, ದವಾಖಾನಿಗೆ" ಎಂದರು.

"ಟಾಂಗಾ ತರಸ್ಲೇನ್ರಿ?" ಎಂದೆ.

ಅವರು ನೆಟ್ಟಗೆ ಗಾಡಿಯ ಹತ್ತಿರ ಹೋಗಿ ಬಾಗಿಲು ತೆರೆಯಲು ತಿಣುಕಿದರು. ನಾನು ಓಡಿಹೋಗಿ ತೆರೆದೆ. ಮಾವನವರು ಕೂರುತ್ತಿದ್ದ ಮುಂದಿನ ಸೀಟಿನಲ್ಲಿ ಮುದುಡಿ ಕೂತು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡರು. ನಾನು ಈ ಕಡೆ ಹತ್ತಿ ಕೂತೆ. ಅತ್ತೆಯವರು ಸೊಂಟದಿಂದ ಚಾವಿ ತೆಗೆದು, ನನ್ನ ಮುಖ ನೋಡದೆ ಕೈ ಚಾಚಿದರು. ಆಮೇಲೆ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

"ಹೂಂ" ಎಂದರು. "ಹೊಡಿ."