ಬೆನ್ನಿನ ಫೋಟೋ

ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಮನೆಯವರೂ ಹೇಳುತ್ತಾರೆ, ಆಸ್ಪತ್ರೆಯವರೂ ಹೇಳುತ್ತಾರೆ. ಹೇಳಲಿ. ಈ ವಿಷಯದಲ್ಲಿ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ನಾನು ಎಕ್ಸ್‌ರೇ ತೆಗೆಯುವವಳು. ಮಣಿಪಾಲದಲ್ಲಿ ಕಲಿತು, ಕಾರ್ಕಳದ ಒಂದು ಸಣ್ಣ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷ ದುಡಿದು, ಈಗ ಉಡುಪಿಯಲ್ಲಿದ್ದೇನೆ. ಕಾರ್ಕಳದಲ್ಲಿ ನನಗಿದ್ದದ್ದು ಒಂದು ಹಳೇ ಮೆಷಿನು ಮತ್ತು ನನ್ನ ಎರಡು ಕೈ. ಗಲ್ಲ ಎತ್ತಿಸುವುದು, ಭುಜ ಮುಂದಕ್ಕೆ ತರಿಸುವುದು, ಸೊಂಟ ನೇರ ಮಾಡಿಸುವುದು, ಎಲ್ಲವೂ ಕೈಯಲ್ಲೇ. ಮುಟ್ಟಿದರೆ ಸಾಕು, ಎಲ್ಲಿ ನೋವಿದೆ, ಆ ಜೀವ ಎಷ್ಟು ತಿರುಗೀತು ಎಂದು ತಿಳಿಯುತ್ತಿತ್ತು.

ಉಡುಪಿಯ ಆಸ್ಪತ್ರೆಗೆ ಹೊಸ ಮೆಷಿನು ಬಂದಾಗ ತೆಂಗಿನಕಾಯಿ ಒಡೆದು ಲಾಡು ಹಂಚಿದರು. ಅದರ ತಲೆಯಲ್ಲಿ ಒಂದು ಕ್ಯಾಮರಾ. ರೋಗಿ ಸರಿಯಾಗಿ ನಿಂತರೆ ನಮ್ಮ ಕೋಣೆಯ ಪರದೆಯಲ್ಲಿ ಮೈಸುತ್ತ ಹಸಿರು ಗೆರೆ, ವಾರೆಯಾದರೆ ಕೆಂಪು. "ಇನ್ನು ನೀವು ರೋಗಿಯನ್ನು ಮುಟ್ಟುವುದೇ ಬೇಡ ಮೇಡಂ" ಎಂದ ಕಂಪನಿಯ ತರಬೇತುದಾರ, ನನಗೇನೋ ದೊಡ್ಡ ಉಪಕಾರ ಮಾಡುತ್ತಿರುವವನ ಹಾಗೆ. ಅದರಿಂದ ಉಪಯೋಗವೇ ಇಲ್ಲ ಎಂದರೆ ಸುಳ್ಳಾದೀತು. ಎರಡೆರಡು ಸಲ ತೆಗೆಯುವುದು ಕಡಿಮೆಯಾಯಿತು. ಆದರೆ ಆ ಕ್ಯಾಮರಾ ನೋಡಿ ಸುಮ್ಮನಿರುವುದಲ್ಲ ಎಂದು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮಳೆಗಾಲ ಮುಗಿಯುತ್ತಿದ್ದ ಹಾಗೆ ಕಾಪುವಿನಿಂದ ಒಬ್ಬರು ಹೆಂಗಸು ಬಂದರು. ಮಾರ್ಕೆಟ್ಟಿನಲ್ಲಿ ಮೀನು ಮಾರುವವರು, ನನಗಿಂತ ಹತ್ತು ವರ್ಷ ದೊಡ್ಡವರು. ನ್ಯುಮೋನಿಯಾ ಎಂದು ಡಾಕ್ಟರಿಗೆ ಸಂಶಯ. ಎದೆಯ ಎಕ್ಸ್‌ರೇಗೆ ರವಿಕೆ ಕಳಚಿ ಆಸ್ಪತ್ರೆಯ ಅಂಗಿ ಹಾಕಿಕೊಳ್ಳಬೇಕು. ಅದರ ಲಾಡಿ ಇರುವುದು ಹಿಂದೆ, ಅದೂ ಅರ್ಧ ಕಿತ್ತುಹೋದದ್ದು. ಎದೆಯನ್ನು ಪ್ಲೇಟಿಗೆ ಒತ್ತಿ ನಿಂತರೆ ಬರಿ ಬೆನ್ನು ಮೆಷಿನಿನ ಕಡೆಗೆ. ಕರಿಮಣಿ ತೆಗೆಯಲು ಆಕೆ ಒಪ್ಪಲಿಲ್ಲ. ಯಾರೂ ಒಪ್ಪುವುದಿಲ್ಲ, ನಾನೂ ಒತ್ತಾಯಿಸುವುದಿಲ್ಲ. ಮೇಲೆತ್ತಿ ಕೂದಲು ಕಟ್ಟಿದ ಸೂಡಿಗೆ ಸುತ್ತಿ, ನನ್ನ ತಲೆಯ ನೀಲಿ ಕ್ಲಿಪ್ಪನ್ನೇ ಅದಕ್ಕೆ ಸಿಕ್ಕಿಸಿದೆ.

ಆಕೆ ತಿರುಗಿ ಕ್ಯಾಮರಾ ನೋಡಿದರು. "ಸಿಸ್ಟರ್, ಇದು ಫೋಟೋ ತೆಗಿತದಾ?"

"ಇಲ್ಲ ಅಕ್ಕ, ಅಳತೆ ಮಾತ್ರ ನೋಡುವುದು."

"ಗಂಡಸರು ಯಾರಾದ್ರೂ ನೋಡ್ಲಿಕ್ಕುಂಟಾ?"

"ನಾನೊಬ್ಬಳೇ ಇರುವುದು. ಹೆದರಬೇಡಿ."

ನಿಂತರು. ಬಲಭುಜ ಮುಂದಕ್ಕೆ ಬರಲಿಲ್ಲ. ವರ್ಷಗಟ್ಟಲೆ ಬುಟ್ಟಿ ಎತ್ತಿ ಎತ್ತಿ ಬಿಗಿದುಹೋದ ಕೀಲು. ಪರದೆಯಲ್ಲಿ ಕೆಂಪು ಗೆರೆ. ನಾನು ಕೆಂಪಿನಲ್ಲೇ ತೆಗೆದೆ. ಚಿತ್ರದಲ್ಲಿ ಶ್ವಾಸಕೋಶ ಸ್ಪಷ್ಟವಾಗಿಯೇ ಕಂಡಿತು, ಅದರಲ್ಲಿ ಒಂದು ಬಿಳಿ ಕಲೆಯೂ ಇತ್ತು. ಔಷಧ ಶುರುವಾಯಿತು. ಆರು ವಾರ ಬಿಟ್ಟು ಇನ್ನೊಂದು ಎಕ್ಸ್‌ರೇ ತೆಗೆಸಲೇಬೇಕು, ಆ ಕಲೆ ಹೋಗದಿದ್ದರೆ ಬೇರೇನೋ ಇರಬಹುದು ಎಂದು ಡಾಕ್ಟರು ಬರೆದುಕೊಟ್ಟರು.

ತಿಂಗಳ ಬಳಿಕ ಮೇಲಿನ ಹಾಲ್‌ನಲ್ಲಿ ನಮ್ಮ ಕೆಲಸದ ವಿಮರ್ಶೆಯ ಮೀಟಿಂಗ್. ತರಬೇತುದಾರ ಗೋಡೆಯ ಮೇಲೆ ಚಿತ್ರಗಳನ್ನು ತೋರಿಸುತ್ತಿದ್ದ. ಎಕ್ಸ್‌ರೇ ಅಲ್ಲ, ಫೋಟೋಗಳು! ಬಟನ್ ಒತ್ತಿದ ಕ್ಷಣದಲ್ಲಿ ಕ್ಯಾಮರಾ ಹಿಡಿದಿಟ್ಟ ರೋಗಿಗಳ ಫೋಟೋಗಳು. ನಾಲ್ಕನೆಯದು ಗೋಡೆಯಷ್ಟಗಲದ ಒಂದು ಬೆನ್ನು. ತೆರೆದ ಅಂಗಿ, ಮೇಲೆ ಸೂಡಿ, ಸೂಡಿಗೆ ಸುತ್ತಿದ ಕರಿಮಣಿ, ಅದರಲ್ಲಿ ನನ್ನ ನೀಲಿ ಕ್ಲಿಪ್ಪು. "ನೋಡಿ, ಬಲಭುಜ ಹಿಂದೆಯೇ ಉಳಿದಿದೆ. ಕ್ಯಾಮರಾ ಎಚ್ಚರಿಸಿದರೂ ಟೆಕ್ನೀಷಿಯನ್ ಕೇಳಲಿಲ್ಲ" ಎಂದು ಕೆಂಪು ಬೆಳಕಿನ ಕಡ್ಡಿಯಿಂದ ಆ ಬೆನ್ನ ಮೇಲೆ ಗೀಚಿದ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ನಾನು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೆ. "ಆಫ್ ಮಾಡಿ ಅದನ್ನು! ಆ ಹೆಂಗಸು ಯಾರೆಂದು ನನಗೆ ಗೊತ್ತುಂಟು."

ಮ್ಯಾನೇಜರು ಸಮಾಧಾನದ ಸ್ವರದಲ್ಲಿ, "ಮುಖ ಕಾಣುವುದಿಲ್ಲ ಅಲ್ವಾ ಮೇಡಂ? ಹೆಸರೂ ಇಲ್ಲ. ಕೌಂಟರಿನಲ್ಲಿ ಸಹಿ ಬೇರೆ ಹಾಕಿದ್ದಾರೆ" ಎಂದರು. ಸಹಿಯಂತೆ! ಮೂರು ಪುಟದ ಇಂಗ್ಲಿಷ್ ಕಾಗದಕ್ಕೆ, ಕೆಮ್ಮುತ್ತ ನಿಂತವರ ಸಹಿ! ಅದನ್ನೇ ಹೇಳಿದೆ. "ನಿಮ್ಮ ತಪ್ಪು ತೋರಿಸಿದ್ದಕ್ಕೆ ಇಷ್ಟು ಸಿಟ್ಟಾ?" ಎಂದು ಕೇಳಿದರು. ಇಂಥವರ ಹತ್ತಿರ ಎಂತ ಮಾತಾಡುವುದು ಮಾರಾಯರೇ! ನಾಚಿಕೆಯಾಗಬೇಕಾದವರು ಆರಾಮ ಕುಳಿತಿದ್ದರು, ನಾನೊಬ್ಬಳು ಬೆವರುತ್ತ ನಿಂತಿದ್ದೆ. ಫೋಟೋಗಳನ್ನು ಅಳಿಸಿ ಎಂದು ಎರಡು ಸಲ ಬರೆದುಕೊಟ್ಟೆ. ಅದು ಕಂಪನಿಯ ಕೈಯಲ್ಲಿದೆ ಎಂದು ಬಾಯಿಮಾತಿನಲ್ಲಿ ಉತ್ತರ ಬಂತು.

ಆರು ವಾರಕ್ಕೆ ಸರಿಯಾಗಿ ಆಕೆ ಬಂದರು. ಕೆಮ್ಮು ಕಡಿಮೆಯಾಗಿತ್ತು, ನಿಂತಿರಲಿಲ್ಲ. ಆಕೆ ಬರುವ ಮೊದಲೇ ಕ್ಯಾಮರಾದ ಕಣ್ಣಿಗೆ ದಪ್ಪ ಪ್ಲಾಸ್ಟರ್ ಅಂಟಿಸಿಟ್ಟಿದ್ದೆ. ಕ್ಯಾಮರಾ ಇಲ್ಲದೆಯೂ ಎಕ್ಸ್‌ರೇ ಬರುತ್ತದೆ, ನನ್ನ ಕೈ ಇದೆಯಲ್ಲ. ಸುಮ್ಮನಿದ್ದು ಕೆಲಸ ಮುಗಿಸಬಹುದಿತ್ತು. ಆದರೆ ಆಕೆ ಅಂಗಿ ಕೈಗೆತ್ತಿಕೊಂಡು ನಗುತ್ತಲೇ ಕೇಳಿದರು, "ಫೋಟೋ ತೆಗಿಯುದಿಲ್ಲ ಅಲ್ವಾ ಸಿಸ್ಟರ್?"

ಇನ್ನೊಂದು ಸಲ ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಆಕೆ ಕೈಯಲ್ಲಿದ್ದ ಅಂಗಿಯನ್ನು ಕೆಳಗಿಳಿಸಿದರು. ಮತ್ತೆ ಕೇಳಿದರು, "ಗಂಡಸರು ಇದ್ರಾ?"

"ಇದ್ದರು."

"ಅಳಿಸ್ಲಿಕ್ಕೆ ಆಗುದಿಲ್ವಾ?"

"ನನ್ನ ಕೈಯಲ್ಲಿ ಇಲ್ಲ ಅಕ್ಕ. ಕಂಪನಿಯವರ ಹತ್ತಿರ ಉಂಟು. ಎಲ್ಲಿ ಅಂತ ನನಗೂ ಗೊತ್ತಿಲ್ಲ."

"ಆವತ್ತು ಇಲ್ಲ ಅಂದ್ರಲ್ಲ, ಅದನ್ನೂ ಗೊತ್ತಿಲ್ಲದೇ ಹೇಳಿದ್ದಾ?"

ನಾನು ಪ್ಲಾಸ್ಟರ್ ತೋರಿಸಿದೆ. ಕೈ ಹಿಡಿದುಕೊಂಡೆ. ಕಲೆ ಹೋಗಿದೆಯೋ ಇಲ್ಲವೋ ನೋಡಲೇಬೇಕು ಅಕ್ಕ, ಬೇರೆ ಕಡೆಯಾದರೂ ತೆಗೆಸಿ ಎಂದೆ. ಆಕೆ ಮೆತ್ತಗೆ ಕೈ ಬಿಡಿಸಿಕೊಂಡರು. "ನಾನು ಆ ಮೆಷಿನನ್ನು ನಂಬಿದ್ದಲ್ಲ ಸಿಸ್ಟರ್. ನೀವು ಹೇಳಿದ್ರಿ ಅಂತ ನಿಂತದ್ದು." ಅಂಗಿಯನ್ನು ನೀಟಾಗಿ ಮಡಚಿ ಬೆಂಚಿನ ಮೇಲಿಟ್ಟು ಹೋದರು.

ಎಕ್ಸ್‌ರೇ ಯಾಕೆ ತೆಗೆಯಲಿಲ್ಲ ಎಂದು ಕಂಪ್ಯೂಟರಿಗೆ ಕಾರಣ ಕೊಡದೆ ಮುಂದಿನ ರೋಗಿಯ ಹೆಸರು ತೆರೆಯುವುದಿಲ್ಲ. ಅದು ಕೊಟ್ಟ ಕಾರಣಗಳು ಮೂರೇ: ಕರೆಂಟ್ ಇಲ್ಲ, ಮೆಷಿನು ಕೆಟ್ಟಿದೆ, ರೋಗಿ ಒಪ್ಪಲಿಲ್ಲ. ಹೊರಗೆ ಒಂಬತ್ತು ಮಂದಿ ಕಾಯುತ್ತಿದ್ದರು. ಮೂರನೆಯದನ್ನು ಒತ್ತಿದೆ.