ನಾನು ಬಾಯಿಪಾಠ ಮಾಡಿಸಿದ ಐದು ಶಬ್ದ

ಭಾನುವಾರ ಮಧ್ಯಾಹ್ನ ಮ್ಯಾಚ್ ಮುಗಿಸಿ ಬಂದ ನನ್ನ ಗಂಡ ಚಪ್ಪಲಿ ಬಿಡುತ್ತಾ ಕೇಳಿದರು, "ನಾವು ಗೆದ್ವೇನ?" ಗೆದ್ದ ಸುದ್ದಿಯನ್ನು ಫೋನಿನಲ್ಲಿ ಅವರೇ ತಿಳಿಸಿದ್ದರು. "ಗೆದ್ರಲ್ರೀ" ಎಂದೆ. ತಾಟು ಹಾಕುವಷ್ಟರಲ್ಲಿ ಮತ್ತೆ ಅದೇ ಪ್ರಶ್ನೆ. ಚೇಷ್ಟೆ ಅಂದುಕೊಂಡೆ.

ಮೂರನೆಯ ಸಲ ಕೇಳಿದಾಗ ತಾಟು ಅಲ್ಲೇ ಬಿಟ್ಟು ಟ್ಯಾಕ್ಸಿ ಕರೆದೆ.

ವಿಜಯಪುರದಲ್ಲಿ ಕಬಡ್ಡಿ ಆಡುತ್ತಿದ್ದವರು ಮುಂಬೈಗೆ ಬಂದು ಅಮೆರಿಕನ್ ಫುಟ್‌ಬಾಲ್ ಹಿಡಿದು ಆರು ವರ್ಷ. ಹಿಂದೆ ನಿಂತು ಎದುರಾಳಿಯನ್ನು ತಡೆಯುವ ಡಿಫೆನ್ಸಿವ್ ಬ್ಯಾಕ್, ಜೊತೆಗೆ ಕಿಕ್ ರಿಟರ್ನರ್. ಅಂದರೆ ಎದುರಿನವರು ಒದ್ದ ಚೆಂಡು ಹಿಡಿದು, ಮೈಮೇಲೆ ನುಗ್ಗಿ ಬರುವ ಹನ್ನೊಂದು ಜನರತ್ತಲೇ ಓಡುವವರು. ಇದೆಂಥ ಹುಚ್ಚಾಟವೋ ಎಂದು ಬೈಯುತ್ತಲೇ ಜರ್ಸಿ ಒಗೆದು ಕಳಿಸುತ್ತಿದ್ದವಳು ನಾನು.

ಪರೇಲಿನ ಆಸ್ಪತ್ರೆಯಲ್ಲಿ ಸಿಟಿ ಸ್ಕ್ಯಾನ್ ಆಯಿತು. ರಕ್ತಸ್ರಾವವಿಲ್ಲ, ಕನ್‌ಕಷನ್, ಮಿದುಳಿಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರ್. ಐದು ಶಬ್ದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಅವನ್ನೇ ತಿರುಗಿ ಕೇಳಿದರು. ಇವರು ತಡವರಿಸದೆ ಹೇಳಿದರು: "ಮ್ಯಾಂಗೋ, ಕ್ಯಾಂಡಲ್, ಪೇಪರ್, ಬಕೆಟ್, ರಿಬ್ಬನ್."

ಡಾಕ್ಟರ್ ಹೇಳಿದ ಒಂದು ಶಬ್ದವೂ ಅದರಲ್ಲಿರಲಿಲ್ಲ.

ಅಯ್ಯೋ, ಅವು ನಾನು ಕಲಿಸಿದವು! ಹಿಂದಿನ ಮ್ಯಾಚಿನಲ್ಲೂ ತಲೆಗೆ ಬಡಿದಿತ್ತು. ಪೆಟ್ಟಾದವರಿಗೆ ತಂಡದ ಫಿಸಿಯೋ ಪ್ರತಿ ಸಲ ಅದೇ ಹಾಳೆಯ ಐದು ಶಬ್ದ ಕೇಳುತ್ತಾರೆಂದು ಆಟಗಾರರಿಗೆಲ್ಲ ಗೊತ್ತು. "ಫೇಲ್ ಆದ್ರ ಹೊರಗ ಕೂಡಸ್ತಾರ, ನನ್ನ ಜಾಗಾ ಹೋಗ್ತದ" ಎಂದು ಇವರು ಗೋಗರೆದಿದ್ದಕ್ಕೆ, ಮೆಂತ್ಯೆ ಸೊಪ್ಪು ಬಿಡಿಸುತ್ತಾ ವಾರವಿಡೀ ಬಾಯಿಪಾಠ ಮಾಡಿಸಿದ್ದೆ. ಪಾಸಾದ ದಿನ ಶಿರಾ ಬೇರೆ ಮಾಡಿದ್ದೆ, ಬುದ್ಧಿಗೇಡಿ.

ಡಾಕ್ಟರಿಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. "ಅಬ್ ಖೇಲ್ನಾ ಬಂದ್", ಇನ್ನು ಆಟ ಬಂದ್ ಎಂದರು, ಅಷ್ಟೇ. ಇವರು ಗೋಡೆಯ ಕಡೆ ತಿರುಗಿ ಅತ್ತರು. ನನಗೆ ಆಟದ ಚಿಂತೆ ಇರಲಿಲ್ಲ. ನಾಳೆ ಎದ್ದು ನೀನ್ಯಾರು ಎಂದುಬಿಟ್ಟರೆ ಏನು ಮಾಡಲಿ? ವಾರಗಟ್ಟಲೆ ಮುಂಜಾನೆ ಎದ್ದ ಕೂಡಲೇ ಇವರ ಕಣ್ಣು ನೋಡಲು ಹೆದರುತ್ತಿದ್ದೆ.

ಎರಡು ತಿಂಗಳಾಗಿದೆ. ತಲೆನೋವು ಕಡಿಮೆ. ಲೋಕಲ್ ರೈಲು ಹತ್ತುವ ಧೈರ್ಯ ಇವರಿಗೆ ಇನ್ನೂ ಬಂದಿಲ್ಲ. ನಿನ್ನೆ ಫಾಲೋಅಪ್‌ನಲ್ಲಿ ಡಾಕ್ಟರ್ ಹೊಸ ಐದು ಶಬ್ದ ಕೊಟ್ಟು, ಆಮೇಲೆ ಕೇಳಿದರು. ಇವರು ಮೂರು ಹೇಳಿ ನಿಂತರು. ನನ್ನ ಮುಖ ನೋಡಿದರು. ಉಳಿದೆರಡು ನನ್ನ ನಾಲಿಗೆಯ ತುದಿಯಲ್ಲೇ ಇದ್ದವು.

ತುಟಿ ಕಚ್ಚಿ ಕುಳಿತೆ.

"ಮೂರ ಬಂದಾವ ನೋಡ" ಎಂದರು ಇವರು, ಸಣ್ಣಗೆ.

"ಸಾಕ್ರೀ" ಎಂದೆ. ಮೂರೇ ಇರಲಿ, ಅವು ಇವರವೇ.